ಗಣಪ್ಪನ ತಲೆಯ ಮೇಲಿನ ಹೂವು

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಧಾರವಾಡದ ಮನೆಯಲ್ಲಿ ಮೂವರಿದ್ದೆವು. ನಾನು, ನನ್ನ ಅತ್ತೆ, ಮಗಳು ವಿನಯಾ. ಕಿಟಕಿಯ ಬಳಿ, ಬುಡಕ್ಕೆ ಒದ್ದೆ ಅರಿವೆ ಸುತ್ತಿದ ಗೇಣುದ್ದದ ಒಂದು ಗಿಡ. ಅದಕ್ಕೆ ಒಂದೇ ಹೂವು.

ವಿನಯಾ ಗಿಡಗಳ ಚಿತ್ರ ಬರೆಯುತ್ತಾಳೆ. (ಗೋಡೆಗೆ ತೂಗುಹಾಕಲು ಅಲ್ಲ, ವಿಜ್ಞಾನಿಗಳಿಗೆ.) ಹೆಬ್ಬಳ್ಳಿಯ ಹೊಲದ ಬದುವಿನಲ್ಲಿ ಸಿಕ್ಕ ಈ ಗಿಡ ಯಾವುದೆಂದು ಅವಳ ಸಸ್ಯಶಾಸ್ತ್ರದ ಮೇಡಂಗೂ ತಿಳಿದಿರಲಿಲ್ಲ. ಹೂವಿನ ಕೆಳಗಿನ ಎಸಳಿನ ಬಣ್ಣ ನೋಡಿಯೇ ಗುರುತು ಹಚ್ಚಬೇಕಂತೆ. ಒಣಗಿಸಿಟ್ಟರೆ ಬಣ್ಣ ಹೋಗುತ್ತದೆ. ಮಧ್ಯಾಹ್ನಕ್ಕೆ ಹೂವೇ ಬಾಡುತ್ತದೆ.

"ಒಂದು ಫೋಟೋ ಹೊಡಕೊ, ಮುಗೀತು" ಅಂದೆ.

"ಹೊಡದೇನವ್ವಾ. ಮೊಬೈಲು ನೇರಳೆನ್ನ ನೀಲಿ ಮಾಡ್ತೈತಿ. ಮತ್ತ ಮೊಗ್ಗು, ಕಾಯಿ, ಹೂವಿನ ಒಳಗಿಂದು, ಎಲ್ಲಾ ಒಂದ ಹಾಳಿಮ್ಯಾಗ ತೋರಸ್ಬೇಕು. ಫೋಟೋ ತೋರಸ್ತೈತೇನು?"

ಬಣ್ಣ ಹಚ್ಚುತ್ತ ಬಂದಳು. ಕೆಳಗಿನ ಎಸಳೊಂದೇ ಉಳಿದಿತ್ತು. ಬ್ರಷ್ ತೊಳೆಯಲು ಹಿತ್ತಲಿಗೆ ಹೋಗಿ ಬಂದರೆ, ಹೂವಿಲ್ಲ!

ಎಲ್ಲಿ ಹೋದೀತು ಹೇಳಿ? ದೇವರ ಜಗಲಿಗೆ. ಅತ್ತೆ ಅದನ್ನು ಗಣಪ್ಪನ ತಲೆಗೇರಿಸಿ ಕುಂಕುಮವನ್ನೂ ಹಾಕಿಯಾಗಿತ್ತು. ಅರಳಿದ ಹೂವು ಮನೆಯೊಳಗೆ ಬಂದರೆ ನಮ್ಮಲ್ಲಿ ಅದಕ್ಕೆ ಬೇರೆ ವಿಳಾಸ ಉಂಟೆ?

"ಅಜ್ಜೀ!"

"ಯಾಕ ಚೀರ್ತಿ? ಹೂವು ದೇವರಿಗಲ್ಲದ ಮತ್ಯಾರಿಗೆ?"

ವಿನಯಾ ಕೈ ಚಾಚಿದಳು, ಅಲ್ಲೇ ನಿಲ್ಲಿಸಿದಳು. ಆರತಿಗೆ ಮೊದಲು ದೇವರ ಮೇಲಿನ ಹೂವನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ. ಅತ್ತೆ ಮೊಮ್ಮಗಳ ಮುಖ ನೋಡಿದರು. ಗಣಪ್ಪನ ಮುಖ ನೋಡಿದರು. ಆಮೇಲೆ ತಾವೇ ಹೂವು ತೆಗೆದು ಅವಳ ಅಂಗೈಗಿಟ್ಟರು.

"ಪ್ರಸಾದ ಅಂತ ತಿಳ್ಕೊ. ಲಗೂ ಬರಿ."

ತಡವಾಗಿತ್ತು. ಒದ್ದೆ ಎಸಳಿಗೆ ಕುಂಕುಮ ಹಿಡಿದಿತ್ತು. ಒರೆಸಿದಷ್ಟೂ ಕೆಂಪು. ವಿನಯಾ ಬ್ಲೇಡಿನಿಂದ ಹೂವನ್ನು ಸೀಳಿ (ಅತ್ತೆ ಕಣ್ಣು ಮುಚ್ಚಿಕೊಂಡರು) ಒಳಗಿನದ್ದೆಲ್ಲ ಬರೆದಳು. ಆ ಎಸಳನ್ನು ಮಾತ್ರ ಖಾಲಿ ಬಿಟ್ಟಳು.

"ನೇರಳೇನ ಇತ್ತಲ್ಲ, ತುಂಬಿಬಿಡು. ಯಾರು ನೋಡಾಕ ಬರ್ತಾರ?" ಅತ್ತೆಯ ದನಿ ಸಣ್ಣಗಾಗಿತ್ತು.

"ನೇರಳೆಯೊಳಗ ಎಷ್ಟೋ ಥರಾ ಅದಾವಜ್ಜಿ. ಅಂದಾಜಿಲೆ ಹಚ್ಚಿದರ, ಇಲ್ಲದ ಗಿಡಾ ಹುಟ್ಟಿಸಿದಂಗ ಆಗತೈತಿ."

ಕಾಣದ್ದನ್ನೂ ಕಂಡಂತೆ ಫಾರ್ವರ್ಡ್ ಮಾಡುವ ನಾವು, ಹೀಗೆ ಒಂದಿಷ್ಟು ಜಾಗ ಖಾಲಿ ಬಿಟ್ಟದ್ದು ಯಾವಾಗ?

ಮುಂದಿನ ಭಾನುವಾರ ಅತ್ತೆಯೇ ಆಟೋ ಕರೆಸಿದರು. ಮೂವರೂ ಹೆಬ್ಬಳ್ಳಿಗೆ ಹೋದೆವು. ಬದುವಿಗೆಲ್ಲ ಕಳೆನಾಶಕ ಹೊಡೆದಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಸುಟ್ಟ ಹುಲ್ಲನ್ನು ಬಹಳ ಹೊತ್ತು ಸರಿಸಿ ಸರಿಸಿ ನೋಡಿದರು.

ಸೋಮವಾರ ವಿನಯಾ ಚಿತ್ರವನ್ನು ಹಾಗೆಯೇ ಮೇಡಂಗೆ ಕೊಟ್ಟು ಬಂದಳು.