ಒಂದೇ ಶಾಫ್ಟಿನ ಟ್ಯಾಂಕು

ಟಕ್... ಟಕ್... ಕರ್ರ್. ಇವತ್ತು ಬೆಳಿಗ್ಗೆ ಶೇಂಗಾ ಚಟ್ನಿ ಮಾಡುವಾಗ ಮಿಕ್ಸಿಯ ಅಡಿಯ ಹಲ್ಲು ಸವೆದು ಹೀಗೆ ಸದ್ದು ಮಾಡಿತು. ಮೋಟಾರು ತಿರುಗುತ್ತಿದೆ, ಜಾರಿನ ಬ್ಲೇಡು ಮಾತ್ರ ಕದಲುತ್ತಿಲ್ಲ. ಸ್ವಿಚ್ ಆಫ್ ಮಾಡಿ ಅಲ್ಲೇ ನಿಂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಗಂಗಾವತಿಯ ನಮ್ಮ ಪಡಸಾಲೆಯಲ್ಲಿ ಕೇಳಿದ್ದ ಸದ್ದು ಅದು. ಅದರ ಬೆನ್ನಿಗೇ ತೌಡಿನ ವಾಸನೆಯೂ ಬಂದಂತಾಯಿತು... ಮಿಸ್ತ್ರಿಯ ಖಾಕಿ ಅಂಗಿಯ ವಾಸನೆ.

ಆತ ನಮ್ಮ ಹಿಂದಿನ ಓಣಿಯವನು, ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ಓಣಿಯವರೆಲ್ಲ ಮಿಸ್ತ್ರಿ ಅನ್ನುತ್ತಿದ್ದರು, ನಾವೂ ಹಾಗೇ. ಹುಬ್ಬಿನ ಮೇಲೆ ಸದಾ ಹೊಟ್ಟಿನ ಧೂಳು. ಮಾತು ಕಡಿಮೆ. ಕೆಟ್ಟ ವಸ್ತುವನ್ನು ಕೈಗೆ ಕೊಟ್ಟರೆ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು ಆತನ ಅಭ್ಯಾಸ, ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ.

ನಮ್ಮ ಮನೆಯವರು ಮಿಲಿಟರಿಯಲ್ಲಿ ಟ್ಯಾಂಕ್ ಡ್ರೈವರ್ ಆಗಿದ್ದವರು. ರಿಟೈರ್ ಆಗಿ ಊರಿಗೆ ಬಂದ ಮೇಲೂ ಮೀಸೆ ತಿರುವುವುದು, ಐದಕ್ಕೆ ಏಳುವುದು ಬಿಟ್ಟಿರಲಿಲ್ಲ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಅವರಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಮಾತು ತೊದಲಿದರೂ ಉಳಿಯಿತು, ಕಾಲು ಒಂದಿಷ್ಟು ಎಳೆಯುತ್ತಿತ್ತು, ಎಡಗೈ ಮಾತ್ರ ತೊಡೆಯ ಮೇಲೆ ಯಾರೋ ಇಟ್ಟು ಮರೆತುಹೋದ ಟವೆಲ್ಲಿನಂತೆ ಬಿದ್ದಿರುತ್ತಿತ್ತು. ಫಿಸಿಯೋಥೆರಪಿಯ ಹುಡುಗಿ ಬಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಅನ್ನ ಕೂಡ ಎರಡು ತುತ್ತು, ಮುಗಿಯಿತು.

ಆಗ ಅವರ ರೆಜಿಮೆಂಟಿನ ಹಳೆಯ ಸ್ನೇಹಿತರೊಬ್ಬರು ಕೊರಿಯರಿನಲ್ಲಿ ಒಂದು ಆಟಿಕೆ ಟ್ಯಾಂಕು ಕಳಿಸಿದರು. ಮೊಳದುದ್ದದ್ದು, ರಿಮೋಟಿನಿಂದ ಓಡುವಂಥದು. ರಿಮೋಟಿಗೆ ಎರಡು ಲಿವರ್. ಎಡಲಿವರ್ ಒತ್ತಿದರೆ ಎಡಗಡೆಯ ಪಟ್ಟಿ ಓಡುತ್ತದೆ, ಬಲದ್ದು ಒತ್ತಿದರೆ ಬಲಗಡೆಯದು. ಎರಡನ್ನೂ ಒತ್ತಿದರೆ ನೇರ ಹೋಗುತ್ತದೆ, ಒಂದನ್ನೇ ಒತ್ತಿದರೆ ನಿಂತಲ್ಲೇ ಗಿರಕಿ. ಮೂರು ತಿಂಗಳಲ್ಲಿ ಮೊದಲ ಸಲ ಅವರ ಮುಖ ಅರಳಿತು. "ನಮ್ಮ ಗಾಡೀಗೂ ಎರಡ ಲಿವರ್ ಇದ್ವು," ಎಂದರು.

ಅದು ಒಂದು ವಾರವೂ ಬಾಳಲಿಲ್ಲ. ಒಳಗಿನ ಪ್ಲಾಸ್ಟಿಕ್ ಗೇರುಗಳ ಹಲ್ಲು ಕಿತ್ತು ಟಕ್, ಟಕ್, ಕರ್ರ್... ಬಲಲಿವರಿಗೆ ಗಿರಕಿ ಹೊಡೆಯುತ್ತಿತ್ತು, ಅಷ್ಟೇ. ಎಡಗಡೆಯದು ಸತ್ತೇಹೋಗಿತ್ತು. "ಗೇರ್ ಹೋಗ್ಯಾವ, ಅದಕ್ಕ ಸೀದಾ ಹೋಗವಲ್ದು," ಎನ್ನುತ್ತಿದ್ದರು ಅವರು. ನಾನು ಮಿಸ್ತ್ರಿಯನ್ನು ಕರೆಸಿದೆ.

ಆತ ಟ್ಯಾಂಕನ್ನು ಕಿವಿಗೆ ಹಿಡಿದು ಅಲುಗಾಡಿಸಿದ. "ಒಳಗ ಬರೇ ನುಚ್ಚೈತ್ರಿ ಸಾಹೇಬ್ರ."

"ನಿನಗ ನುಚ್ಚು ಹೊಸಾದೇನಲೇ? ನಿಮ್ಮ ಮಿಲ್ಲಿನ್ಯಾಗ ನೆಲ್ಲು ಹಾಕಿದ್ರ ಅಕ್ಕಿ ಎಂದಾದ್ರೂ ಬಂದೈತೇನು?"

"ಬರ್ತೈತ್ರಿ. ಅಕ್ಕಿ ಮಾಲಕರದು, ನುಚ್ಚು ನಮ್ಮದು."

ಅವರು ನಕ್ಕರು. ಬಾಯಿ ಒಂದೇ ಕಡೆಗೆ ಎಳೆಯಿತು, ಆದರೂ ನಕ್ಕರು.

ಹದಿನೈದು ದಿನ ಆತ ಮಿಲ್ಲು ಬಿಟ್ಟ ಕೂಡಲೇ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದ. ಪ್ಲಾಸ್ಟಿಕ್ ಗೇರು ಎಸೆದು ಹಿತ್ತಾಳೆಯವನ್ನು ಕೂಡಿಸಿದ. ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡುವನು. ಸೀಳಿದ ಪಟ್ಟಿಯ ಬದಲು, ನೆಲ್ಲಿನ ಹೊಟ್ಟು ಬಿಡಿಸುವ ರಬ್ಬರ್ ರೋಲು ಸವೆದು ಮೂಲೆಗೆ ಬಿದ್ದಿತ್ತಂತೆ, ಅದನ್ನು ತೆಳ್ಳಗೆ ಕೊಯ್ದು ಹೊಸ ಪಟ್ಟಿ ಮಾಡಿದ. ಗಾಲಿಗಳನ್ನು ಕಿನ್ನಾಳದಲ್ಲಿ ಗೊಂಬೆ ಮಾಡುವ ಹಗುರ ಕಟ್ಟಿಗೆಯಲ್ಲಿ ಕಡೆಸಿ ತಂದ. ಹಿತ್ತಾಳೆಯಿಂದ ಏರಿದ ಭಾರ ಗಾಲಿಯಲ್ಲಿ ಇಳಿಯಬೇಕಲ್ಲ, ಅದಕ್ಕೆ. ಅಂಥ ಪೇಶನ್ಸ್ ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಲ್ಲೂ ಕಂಡಿರಲಿಲ್ಲ.

ಟ್ಯಾಂಕು ಪರ್ಫೆಕ್ಟ್ ಆಯಿತು. ಅದೇ ತೊಂದರೆಯಾಯಿತು.

ಅವರು ರಿಮೋಟ್ ಹಿಡಿದರು. ಬಲಹೆಬ್ಬೆರಳು ಒತ್ತಿತು, ಎಡಹೆಬ್ಬೆರಳು ಲಿವರಿನ ಮೇಲೆ ಸುಮ್ಮನೆ ಕುಳಿತಿತ್ತು. ಹೊಸ ಗೇರುಗಳ ಮೇಲೆ, ಒಂದಿಷ್ಟೂ ಸದ್ದಿಲ್ಲದೆ, ಟ್ಯಾಂಕು ಗಿರಕಿ ಹೊಡೆಯಿತು. ಇನ್ನು ಗೇರಿನ ಮೇಲೆ ಹಾಕಲು ತಪ್ಪು ಉಳಿದಿರಲಿಲ್ಲ. ಅವರು ರಿಮೋಟನ್ನು ಹಾಸಿಗೆಯ ಆಚೆ ಎಸೆದರು. ಮರುದಿನ ಊಟ ಮಾಡಲಿಲ್ಲ. ಅದರ ಮರುದಿನವೂ.

ಮಿಸ್ತ್ರಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದವಳು ನಾನೇ. "ಹೆಂಗರ ಮಾಡಿ ಅದು ಸೀದಾ ಹೋಗೂಹಂಗ ಮಾಡು. ಎಡಗೈ ಒತ್ತಿದ್ರೂ ಹೋಗಬೇಕು, ಒತ್ತದಿದ್ರೂ ಹೋಗಬೇಕು."

ಆತ ತಲೆ ಕೆರೆದುಕೊಂಡ. "ಒಂದ ಶಾಫ್ಟಿಗೆ ಎರಡೂ ಕಡೆ ಕೂಡಿಸಿಬಿಟ್ರ ಆತ್ರಿ. ನಮ್ಮ ಮಿಲ್ಲಿನ್ಯಾಗ ಹಂಗ ಮಾಡ್ತೀವಿ. ಒಂದು ಮೋಟಾರು ಸತ್ರ ಅದರ ಬೆಲ್ಟು ಇನ್ನೊಂದರ ಶಾಫ್ಟಿಗೆ ಹಾಕ್ತೀವಿ, ಮಿಲ್ಲು ನಿಂದ್ರಂಗಿಲ್ಲ. ಆದ್ರ ಅಕ್ಕೋರ... ಟ್ಯಾಂಕು ಹೊರಳಂಗಿಲ್ಲ ಆಮ್ಯಾಲೆ. ಸಾಹೇಬ್ರು ಖರೇ ಟ್ಯಾಂಕು ನಡಸಿದವರು. ತಿಳೀತೈತಿ."

"ಅಷ್ಟರೊಳಗ ಕೈ ಬರ್ತೈತಿ. ನೀ ಮಾಡು."

ಮಾಡಿದ. ಎಡಮೋಟಾರಿನ ಗೇರು ತೆಗೆದು, ಎರಡೂ ಕಡೆಗೆ ಅಡ್ಡಲಾಗಿ ಒಂದೇ ಉಕ್ಕಿನ ಕಡ್ಡಿ ಹಾಯಿಸಿದ. ಬಲಲಿವರ್ ಒಂದರಿಂದಲೇ ಎರಡೂ ಪಟ್ಟಿ ಓಡುವಂತಾಯಿತು. "ಗ್ರೀಸ್ ಬಿಗಿ ಆಗಿತ್ರಿ ಸಾಹೇಬ್ರ, ಈಗ ನೋಡ್ರಿ," ಎಂದು ನಾನು ಹೇಳಿಕೊಟ್ಟ ಸುಳ್ಳನ್ನು ಕಣ್ಣು ಕೆಳಗೆ ಹಾಕಿ ಹೇಳಿದ.

ಟ್ಯಾಂಕು ಮಂಚದ ಬುಡದಿಂದ ಹೊಸ್ತಿಲವರೆಗೆ ನೂಲು ಹಿಡಿದಂತೆ ನೇರ ಹೋಯಿತು. ಅವರು ತಮ್ಮ ಎಡಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು. ಮಿಲಿಟರಿಗೆ ಹೊಸದಾಗಿ ಸೇರಿದ ರಂಗರೂಟನಿಗೆ ಮೊದಲು ನೇರ ನಡೆಸುವುದನ್ನೇ ಕಲಿಸುತ್ತಾರಂತೆ, ಹೊರಳಿಸುವುದು ಆಮೇಲೆ. ಹಾಗೇ ದಿನಾ ಸಂಜೆ ಮಂಚದಿಂದ ಹೊಸ್ತಿಲಿಗೆ. ಅಲ್ಲಿಂದ ಮಿಸ್ತ್ರಿ ಅದನ್ನೆತ್ತಿ ತಿರುಗಿಸಿ ಇಡುತ್ತಿದ್ದ, ಮತ್ತೆ ಮಂಚಕ್ಕೆ. ಫಿಸಿಯೋ ಹುಡುಗಿಗೆ ಕೈ ಕೊಡತೊಡಗಿದರು. ರೊಟ್ಟಿ ಕೇಳಿ ತಿಂದರು. ಭುಜ ನಿಜವಾಗಿಯೂ ಒಂದು ಬೆರಳಿನಷ್ಟು ಎದ್ದಿತು. ನಾನು ಗೆದ್ದೆ ಅಂದುಕೊಂಡೆ...

ಒಂದೂವರೆ ತಿಂಗಳು ನಡೆಯಿತು.

ಒಂದು ಭಾನುವಾರ ಮಧ್ಯಾಹ್ನ ಅವರೇ ಮಿಸ್ತ್ರಿಯನ್ನು ಕರೆಸಿದರು. ಇಸ್ತ್ರಿ ಅಂಗಿ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಮಿಸ್ತ್ರಿ, ಇವತ್ತ ನೀ ಮುಟ್ಟಬ್ಯಾಡ. ಹೊಸ್ತಲದಾಗ ನಾನ ಹೊರಳಸ್ತೀನಿ."

ಟ್ಯಾಂಕು ಹೊಸ್ತಿಲಿಗೆ ಹೋಯಿತು. ಅವರು ಎಡಗೈಯನ್ನು ಬಿಟ್ಟು ಬಲಲಿವರ್ ಒತ್ತಿದರು. ಹೊರಳಬೇಕಿತ್ತು. ಅದು ನೇರ ಹೋಗಿ ಹೊಸ್ತಿಲಿಗೆ ಮೂತಿ ಗುದ್ದಿತು. ಹಿಂದಕ್ಕೆ ತಂದು ಮತ್ತೆ ಒತ್ತಿದರು, ಮತ್ತೆ ಗುದ್ದಿತು. ಆಮೇಲೆ ಬಲಗೈಯಿಂದಲೇ ಎಡಲಿವರ್ ಒತ್ತಿ ನೋಡಿದರು. ಟ್ಯಾಂಕು ಕದಲಲೇ ಇಲ್ಲ. ಅಷ್ಟೇ ಸಾಕಾಗಿತ್ತು ಅವರಿಗೆ. ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಇದನ್ನ ಯಾರು ಮಾಡಿದ್ದು?"

ಕಾನ್ವೆಂಟಿನಲ್ಲಿ ನಮಗೊಂದು ರೂಲ್ ಇತ್ತು. ಏನಾದರೂ ಒಡೆದರೆ ಸಿಸ್ಟರ್ ಒಂದೇ ಮಾತು ಕೇಳುತ್ತಿದ್ದರು. ಹೂ ಡಿಡ್ ಇಟ್, ಸ್ಟ್ಯಾಂಡ್ ಅಪ್. ಮಾಡಿದವಳು ಎದ್ದು ನಿಂತರೆ ಶಿಕ್ಷೆ ಅರ್ಧ. ಮೂವತ್ತು ವರ್ಷ ನಾನೂ ನನ್ನ ಕ್ಲಾಸಿನ ಮಕ್ಕಳಿಗೆ ಅದನ್ನೇ ಹೇಳಿಕೊಂಡು ಬಂದಿದ್ದೆ. ಅವತ್ತು ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಚಹಾದ ಟ್ರೇ ಹಿಡಿದು ನಿಂತೇ ಇದ್ದೆ. ಮಿಸ್ತ್ರಿ ನನ್ನನ್ನು ನೋಡಿದ. ನಾನು ಟ್ರೇ ನೋಡಿದೆ.

"ನಾನ್ರಿ ಸಾಹೇಬ್ರ," ಎಂದ ಆತ.

"ನನ್ನ ಕೂಡ ಆಟ ಆಡಿದೆಲ್ಲಲೇ... ನಡಿ. ಇನ್ನ ನನ್ನ ಹೊಸ್ತಲ ತುಳೀಬ್ಯಾಡ. ಅದನ್ನೂ ಒಯ್ಯಿ."

ಆತ ಟ್ಯಾಂಕನ್ನೂ ರಿಮೋಟನ್ನೂ ಎತ್ತಿಕೊಂಡು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೋದ. ನಾನು ಮೂರು ಕಪ್ಪು ಚಹಾ ಮೋರಿಗೆ ಚೆಲ್ಲಿದೆ.

ಮತ್ತೆ ಅವರು ಫಿಸಿಯೋ ಹುಡುಗಿಗೆ ಕೈ ಕೊಡಲಿಲ್ಲ. ನಿಜವಾಗಿ ಎದ್ದಿದ್ದ ಆ ಒಂದು ಬೆರಳಿನಷ್ಟು ಭುಜವನ್ನೂ ಅವರು ನಂಬಲಿಲ್ಲ. ಎರಡು ತಿಂಗಳಿಗೆ ಲಕ್ವಾ ಇನ್ನೊಮ್ಮೆ ಹೊಡೆಯಿತು, ಅದೇ ಕೊನೆ. ಅಷ್ಟು ದಿನದಲ್ಲಿ ಹೇಳಲು ನನಗೆ ಎಷ್ಟು ಸಂಜೆಗಳಿದ್ದವು... ಮಿಸ್ತ್ರಿಯ ಹೆಸರೆತ್ತಿ ಅವರು ಬೈಯುವಾಗಲೆಲ್ಲ ಅನ್ನ ಕಲಸಿ ಬಾಯಿಗೆ ಇಡುತ್ತಿದ್ದೆ.

ಟ್ಯಾಂಕು ಈಗ ಕೊಪ್ಪಳದ ಈ ಬಾಡಿಗೆ ಮನೆಯಲ್ಲಿ ಫ್ರಿಜ್ಜಿನ ಮೇಲಿದೆ. ಮಿಕ್ಸಿ ರಿಪೇರಿಯವನು ಇವತ್ತು ಅದನ್ನು ಎತ್ತಿ ನೋಡಿ, "ಭಾರೀ ಕೆಲಸ ಐತಲ್ರಿ ಇದು, ಯಾರು ಮಾಡ್ಯಾರ?" ಎಂದ. ಮಿಲ್ಲಿನ ಫಿಟ್ಟರ್ ಒಬ್ಬ, ಹೋದ ವರ್ಷ ತೀರಿಕೊಂಡ, ಎಂದೆ. ಅದೂ ನನಗೆ ಯಾರೋ ಹೇಳಿ ಗೊತ್ತು. ಬ್ಯಾಟರಿ ಹಾಕಿ ನೋಡಲೇನ್ರಿ ಎಂದು ಕೇಳಿದ. ಬೇಡ ಎಂದೆ. ನಾನು ಒಮ್ಮೆಯೂ ಹಾಕಿಲ್ಲ.

ಮಿಸ್ತ್ರಿ ಅದನ್ನು ಮರಳಿ ಕೊಡಲು ಬಂದಾಗಲೇ ನಾನು ಆತನನ್ನು ಕೊನೆಯ ಸಲ ನೋಡಿದ್ದು. ನಮ್ಮ ಮನೆಯವರು ತೀರಿಹೋಗುವುದಕ್ಕೆ ಮೂರು ವಾರ ಮುಂಚೆ, ಬೆಳಗಿನ ಹೊತ್ತು. ಗೇಟಿನ ಆಚೆಯೇ ನಿಂತಿದ್ದ. ನಾನು ಗೇಟು ತೆರೆದರೂ ಒಳಗೆ ಕಾಲಿಡಲಿಲ್ಲ. ಟ್ಯಾಂಕನ್ನೂ ರಿಮೋಟನ್ನೂ ಎರಡೂ ಕೈಯಲ್ಲಿ ನನಗೆ ದಾಟಿಸಿದ.

"ಶಾಫ್ಟ್ ತಗದೀನ್ರಿ ಅಕ್ಕೋರ. ಎರಡೂ ಕಡೆ ಬ್ಯಾರೆ ಬ್ಯಾರೆ ಮಾಡೀನಿ. ಎಡಲಿವರ್ ಭಾಳ ಹಗೂರ ಮಾಡೀನಿ, ಬೆರಳು ಇಟ್ರ ಸಾಕು, ಒತ್ತೂದು ಬ್ಯಾಡ. ಇದರಾಗ ಸುಳ್ಳಿಲ್ಲ."

ಒಳಗಿನಿಂದ ಅವರು, "ಯಾರು?" ಎಂದು ಕೂಗಿದರು.

"ಯಾರಿಲ್ರಿ, ಹಾಲಿನಂವ," ಎಂದೆ ನಾನು.

ಆತನ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ತಗ್ಗಿದ ದನಿಯಲ್ಲಿ, "ನಾಳೆ ಹೇಳ್ತೀನಿ. ನಾನ ಮಾಡಿಸಿದ್ದು ಅಂತ ನಾಳೆ ಹೇಳ್ತೀನಿ," ಎಂದೆ.

"ಬ್ಯಾಡ್ರಿ. ನಾ ಹೊರಗಿನಂವ, ನನ್ನ ಮ್ಯಾಲೆ ಸಿಟ್ಟಿದ್ರ ನಡೀತೈತಿ. ನಿಮ್ಮ ಮ್ಯಾಲೆ ಸಿಟ್ಟಾದ್ರ ಸಾಹೇಬ್ರಿಗೆ ಅನ್ನ ಯಾರ ಕೈಲೆ ಹೋಗಬೇಕು?"

ಅಷ್ಟು ಹೇಳಿ, ಗೇಟನ್ನು ಸದ್ದಾಗದಂತೆ ತಾನೇ ಮುಚ್ಚಿ, ಮಿಲ್ಲಿನ ಕಡೆ ನಡೆದ.