ಅಕ್ಕನ ನಾಯಿ ಉಪವಾಸ ಕೂತದ್ದು

ಅನ್ನದ ಮುಂದೆ ಅಹಂಕಾರ ನಿಲ್ಲುವುದಿಲ್ಲ; ಹಸಿವೆಂಬುದು ಅರಸನನ್ನೂ ಆಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಈ ಮಾತನ್ನು ನಾನು ಐವತ್ತು ವರ್ಷ ನಂಬಿಕೊಂಡಿದ್ದೆ. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು ಅಕ್ಕಪಕ್ಕದವರಿಗೆ ಹೇಳಿಯೂ ಇದ್ದೆ. ಆಮೇಲೆ ಮೊಣಕಾಲೆತ್ತರಕ್ಕೂ ಬಾರದ ಒಂದು ನಾಯಿ ನಮ್ಮ ಮನೆಗೆ ಬಂದು ನಾಲ್ಕು ದಿನ ಊಟ ಬಿಟ್ಟಿತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅರಸೀಕೆರೆಯಲ್ಲಿ ಪತ್ರ ಬರಹಗಾರನಾಗಿದ್ದೆ. ತಾಲ್ಲೂಕು ಕಚೇರಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಛಾಪಾ ಕಾಗದದ ಮೇಲೆ ಬರೆದುಕೊಡುವ ಕೆಲಸ. ಅಣ್ಣತಮ್ಮಂದಿರು ಒಬ್ಬರ ಕತ್ತುಪಟ್ಟಿ ಒಬ್ಬರು ಹಿಡಿದುಕೊಂಡು ಬಂದರೂ ಕಾಗದದಲ್ಲಿ ‘ಪರಸ್ಪರ ಪ್ರೀತಿ ವಿಶ್ವಾಸದಿಂದ’ ಎಂದೇ ಬರೆಯಬೇಕು. ಇಪ್ಪತ್ತೈದು ವರ್ಷ ಹೀಗೆ ಬರೆದವನ ಬಾಯಲ್ಲಿ ಬಿರುಸು ಮಾತು ಉಳಿಯುವುದಿಲ್ಲ. ನನ್ನ ಹೆಂಡತಿ ಪ್ರೈಮರಿ ಶಾಲೆಯ ಉಪಾಧ್ಯಾಯಿನಿ. ಒಂದನೇ ತರಗತಿಯ ಮಕ್ಕಳಿಗೂ ‘ಕೂತ್ಕೊಳ್ಳಿ’ ಎನ್ನುವವಳು. ನಮ್ಮ ಮನೆಯಲ್ಲಿ ಜಗಳಗಳು ಆಗುತ್ತಿದ್ದವು, ಆದರೆ ಹೊರಗಿನವರಿಗೆ ಅವು ಶ್ರದ್ಧಾಂಜಲಿ ಸಭೆಯಂತೆ ಕೇಳಿಸುತ್ತಿದ್ದವು.

ನನ್ನ ಅಕ್ಕ ಹಳೇಬೀಡಿನ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣು ಎಷ್ಟು ಮಟ್ಟಿಗೆ ಹೋಗಿತ್ತೆಂದರೆ, ದೀಪ ಹಚ್ಚಿದರೆ ಹಚ್ಚಿದ್ದು ಗೊತ್ತಾಗುತ್ತಿತ್ತು, ಹಚ್ಚಿದವರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸೋಣವೆಂದು ಮೂರು ವರ್ಷದಿಂದ ಹೇಳುತ್ತಿದ್ದೆವು. ಅವಳು ಒಪ್ಪದಿರಲು ಇದ್ದ ಕಾರಣ ಒಂದೇ, ಆ ನಾಯಿ. ಮಗ ಆಸ್ಪತ್ರೆಯಲ್ಲಿ ಅವಳ ಜೊತೆ ಇರಬೇಕು. ಸೊಸೆ ಬೆಳಿಗ್ಗೆ ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ಬೀದಿಯಲ್ಲಿ ಒಂಟಿಯಾಗಿ ಸಿಕ್ಕರೆ ಊರ ನಾಯಿಗಳು ಇದನ್ನು ಸೀಳಿಹಾಕುತ್ತವೆ. ಕೊನೆಗೆ ನಾನೇ, ಯಾವ ಒತ್ತಾಯವೂ ಇಲ್ಲದೆ ಸ್ವಸ್ಥ ಮನಸ್ಸಿನಿಂದ, ನಾಯಿಯನ್ನು ಅರಸೀಕೆರೆಗೆ ಕರೆದೊಯ್ಯುವುದಾಗಿ ಮಾತು ಕೊಟ್ಟೆ.

ಅಕ್ಕ ಒಪ್ಪಿದಳು. ಒಂದು ಷರತ್ತು ಹಾಕಿದಳು: “ನೋಡ್ಲಾ, ಅದು ಉಪಾಸ ಬಿದ್ದೈತೆ ಅಂತ ನನ್ ಕಿವಿಗೆ ಬಿತ್ತೋ, ಕಣ್ಣಿಗೆ ಪಟ್ಟಿ ಇದ್ರೂ ಎದ್ದು ಬತ್ತೀನಿ.”

“ಏನು ಹಾಕ್ಬೇಕು ಅದಕ್ಕೆ?” ಎಂದೆ.

“ಏನಾಕಿದ್ರೂ ತಿಂತೈತೆ. ಅದೇನು ನಿನ್ನಂಗೆ ಪೇಟೆಯೋರಾ?”

ನಾಯಿಯ ವಂಶಾವಳಿಯ ಬಗ್ಗೆ ಹೇಳಬೇಕೆಂದರೆ, ತಾಯಿ ಅರೇಹಳ್ಳಿ ಕಡೆಯ ಕಾಫಿ ತೋಟವೊಂದರ ಪಾಮೇರಿಯನ್. ತಂದೆಯ ವಿಷಯದಲ್ಲಿ ಯಾವ ದಾಖಲೆಯೂ ಲಭ್ಯವಿಲ್ಲ. ಮುಂಭಾಗ ತಾಯಿಯ ಕಡೆಯಿಂದ ಬಂದಿತ್ತು: ಚೂಪು ಮೂತಿ, ಕತ್ತಿನ ಸುತ್ತ ಬಿಳಿಯ ಕೂದಲು, ಎಸ್ಟೇಟಿನ ಗತ್ತು. ಸೊಂಟದಿಂದ ಹಿಂದಕ್ಕೆ ಅದು ಪೂರ್ತಿ ಬಸ್ ಸ್ಟ್ಯಾಂಡು. ಬಾಲದ ಅರ್ಧಕ್ಕೆ ಕೂದಲಿರಲಿಲ್ಲ. ಬ್ಯಾಗಿನಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ ಎರಡೂ ಕಡೆ ನೋಡಿ, “ಏನ್ ಸ್ವಾಮಿ, ಒಂದೇ ನಾಯಿನಾ ಇಲ್ಲ ಎರಡಾ?” ಎಂದು ಕೇಳಿದ.

ಮನೆಗೆ ಬಂದ ಮೊದಲ ಸಂಜೆ ಅದು ಮನೆಯನ್ನೆಲ್ಲ ಒಂದು ಸುತ್ತು ಬಂದು ತನ್ನ ಜಾಗ ಗೊತ್ತುಮಾಡಿಕೊಂಡಿತು. ಚೆಕ್ಕುಬಂದಿ ಹೀಗೆ: ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ನನ್ನ ಕುರ್ಚಿ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಹೆಂಡತಿಯ ಪರೀಕ್ಷೆ ಪತ್ರಿಕೆಗಳ ಕಟ್ಟು. ನಮ್ಮ ಮನೆಯ ಹಿಂದೆ ರೈಲು ಹಳಿ. ಗೂಡ್ಸ್ ಗಾಡಿ ಬಂದ ತಕ್ಷಣ ಅದು ಹಿತ್ತಲಿಗೆ ಓಡಿ, ಕೊನೆಯ ಡಬ್ಬಿ ಹೋಗುವವರೆಗೂ ಬೊಗಳಿ, ಕರ್ತವ್ಯ ಮುಗಿಸಿದ ಗಾಂಭೀರ್ಯದಿಂದ ವಾಪಸು ಬರುತ್ತಿತ್ತು. ತಾನು ಬೊಗಳುವುದರಿಂದಲೇ ರೈಲು ಹೊರಟುಹೋಗುತ್ತದೆಂದು ಅದರ ನಂಬಿಕೆ. ಪ್ರತಿ ಸಲವೂ ರೈಲು ನಿಜವಾಗಿ ಹೋಗುತ್ತಲೂ ಇತ್ತು. ಇದಕ್ಕಿಂತ ಕಡಿಮೆ ಆಧಾರದ ಮೇಲೆ ಕೋರ್ಟಿನಲ್ಲಿ ಕೇಸು ಗೆದ್ದವರನ್ನು ನಾನು ಬಲ್ಲೆ.

ಆದರೆ ತಟ್ಟೆಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಅಕ್ಕನ ಮನೆಯಿಂದ ಬಂದದ್ದು ನಾಯಿಯೇ ಆದರೂ ಅಕ್ಕನ ಮನೆಯ ಕಡೆಯದು. ನೆಂಟರಿಗೆ ಮಾಡುವ ಉಪಚಾರವನ್ನೇ ನಾವು ಅದಕ್ಕೂ ಮಾಡಿದೆವು. ತೊಳೆದ ತಟ್ಟೆ, ಬೆಚ್ಚಗಿನ ಹಾಲು, ಮೆತ್ತಗೆ ಕಿವುಚಿದ ಅನ್ನ. ಹೆಂಡತಿ ಎದುರಿಗೆ ಕೂತು, “ತಗೋ ಕಂದ, ಸಂಕೋಚ ಪಡ್ಬೇಡ” ಎಂದಳು. ನಾನು, “ಸ್ವಲ್ಪ ರುಚಿಯಾದ್ರೂ ನೋಡಪ್ಪ” ಎಂದೆ. ನಾಯಿ ಅವಳನ್ನು ನೋಡಿತು, ನನ್ನನ್ನು ನೋಡಿತು, ಯಾರೋ ಮುಖ್ಯವಾದವರು ಇನ್ನೂ ಬರಬೇಕಾಗಿದೆ ಎಂಬಂತೆ ಬಾಗಿಲ ಕಡೆ ನೋಡಿತು. ಸ್ವಲ್ಪ ನೀರು ಕುಡಿದು ಮಲಗಿತು.

ಎರಡನೆಯ ದಿನ ರೊಟ್ಟಿ, ಬಿಸ್ಕತ್ತು. ಮೂರನೆಯ ದಿನ, ನನ್ನ ಹೆಂಡತಿಯ ತವರಿನಲ್ಲಿ ಹೆಸರೆತ್ತಬಾರದ ಕೋಳಿಮೊಟ್ಟೆ. ಹಾಕುತ್ತಿದ್ದಂತೆ ಕಾಗೆ ಬಂದು ಮೊಟ್ಟೆ ಎತ್ತಿಕೊಂಡು ಹೋಯಿತು; ನಾಯಿ ಆಕ್ಷೇಪಣೆ ಸಲ್ಲಿಸಲಿಲ್ಲ. ಪಶುವೈದ್ಯರ ಹತ್ತಿರ ಒಯ್ದೆ. ಅವರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, “ರೋಗ ಏನೂ ಇಲ್ಲ. ಮನಸ್ಸಿಗೆ ಏನೋ ಹಚ್ಕೊಂಡಿದೆ. ಅದಕ್ಕೆ ನನ್ನ ಹತ್ರ ಇಂಜೆಕ್ಷನ್ ಇಲ್ಲ ಕಣ್ರೀ” ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಗೂಡ್ಸ್ ಗಾಡಿ ಬಂತು. ನಾಯಿ ತಲೆ ಮಾತ್ರ ಎತ್ತಿ, ಮತ್ತೆ ಕಾಲಿನ ಮೇಲಿಟ್ಟಿತು. ರೈಲು ಯಾರೂ ಹೇಳದೆಯೇ ಹೊರಟುಹೋಯಿತು. ನಾನು ಬರೆಯುತ್ತಿದ್ದ ವಿಭಾಗಪತ್ರವನ್ನು ಅಲ್ಲಿಗೇ ಬಿಟ್ಟು ಹಾಸನದ ಬಸ್ಸು ಹತ್ತಿದೆ. ಹಿಂದಿನ ದಿನವಷ್ಟೇ ಅಕ್ಕನ ಆಪರೇಷನ್ ಆಗಿತ್ತು. ನಿಜ ಹೇಳಿದರೆ ಎದ್ದುಬರುತ್ತಾಳೆ, ಹೊಲಿಗೆ ಬಿಚ್ಚಿಕೊಂಡರೆ ಕಣ್ಣು ಹೋಗುತ್ತದೆ. ಹೇಳದಿದ್ದರೆ ನಾಯಿ ಹೋಗುತ್ತದೆ. ದಾರಿಯುದ್ದಕ್ಕೂ ಯೋಚಿಸಿ, ಸುಳ್ಳು ಹೇಳಿ ಉಪಾಯವಾಗಿ ವಿಷಯ ತಿಳಿದುಕೊಳ್ಳುವುದೆಂದು ತೀರ್ಮಾನಿಸಿದೆ.

ಹೆಂಗಸರ ವಾರ್ಡಿನಲ್ಲಿ ಐದಾರು ಮಂಚ, ಎಲ್ಲದರ ಮೇಲೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿದವರು. ಅಕ್ಕ ಅಲ್ಲಾಡದೆ ಮಲಗಿದ್ದಳು. ನನ್ನ ಕೆಮ್ಮು ಕೇಳಿಯೇ, “ಬಂದೇನ್ಲಾ? ಹೆಂಗೈತೆ ಅದು?” ಎಂದಳು.

“ಚೆನ್ನಾಗಿದೆ ಅಕ್ಕ. ಎರಡು ಹೊತ್ತೂ ತಿನ್ತಾ ಇದೆ.”

“ಬೈಯ್ಯೋರು ಯಾರು?”

“ಯಾಕೆ ಬೈಬೇಕು? ಪಾಪ, ಗಲಾಟೆ ಏನೂ ಮಾಡಲ್ಲ.”

ಅಕ್ಕ ಮಂಚದ ಅಂಚಿಗೆ ಕೈ ಊರಿ, “ಲೇ, ನನ್ ಚಪ್ಲಿ ಎಲ್ಲೈತೆ ನೋಡು” ಎಂದು ಮಗನಿಗೆ ಹೇಳಿದಳು. “ನಿಮ್ ಮಾವ ಸುಳ್ಳು ಹೇಳ್ತಾವ್ನೆ. ಬೈಯ್ದೆ ಇದ್ರೆ ಅದು ಅಗುಳು ಮುಟ್ಟಕಿಲ್ಲ. ನಾಕು ದಿನದಿಂದ ಉಪಾಸ ಕೆಡವವ್ನೆ.”

ನಾನೂ ಸೋದರಳಿಯನೂ ಸೇರಿ ಅವಳ ಭುಜ ಹಿಡಿದೆವು. “ಅಕ್ಕ, ಇದನ್ನ ಮೊದಲೇ ಹೇಳ್ಬಾರದಾಗಿತ್ತಾ?” ಎಂದೆ.

“ಸಾರಿಗೆ ಉಪ್ಪಾಕು ಅಂತ ಯಾರಾದ್ರೂ ಹೇಳ್ತಾರೇನ್ಲಾ? ನಾಯಿಗೆ ಬೈಕಂಡು ಇಕ್ಕದೆ ಹಾಡೇಳ್ಕಂಡು ಇಕ್ತಾರಾ?”

ವಿಷಯ ಆಗ ಸ್ಪಷ್ಟವಾಯಿತು. ಅದು ಮರಿಯಾಗಿದ್ದಾಗಿನಿಂದಲೂ ಅಕ್ಕ ಬೈಯದೆ ಅದಕ್ಕೆ ಒಂದು ತುತ್ತು ಹಾಕಿದವಳಲ್ಲ. ಬೈಗುಳ ಕೇಳಿಸಿದರೆ ಅನ್ನ ತನ್ನದೆಂದು ಅದಕ್ಕೆ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಅದು ನಾಲ್ಕು ದಿನವೂ ಅಪ್ಪಣೆಗಾಗಿ ಕಾದಿತ್ತು; ನಾವು ಅದರ ಮುಂದೆ ಸ್ವಾಗತ ಭಾಷಣ ಮಾಡುತ್ತಿದ್ದೆವು.

“ಸರಿ, ನಾಳೆ ಬೈತೀನಿ” ಎಂದೆ.

“ನೀನಾ?” ಎಂದಳು ಅಕ್ಕ. “ಎಲ್ಲಿ, ಬೈ ನೋಡನ.”

“ಇಲ್ಲೇನಾ?”

“ಇಲ್ಲೇ. ಬೈಯಕ್ ಬರ್ದಿದ್ರೆ ನಾನೇ ಹೊರಡ್ತೀನಿ.”

ನಾನು ಗಂಟಲು ಸರಿಮಾಡಿಕೊಂಡು, “ಮೂದೇವಿ” ಎಂದೆ.

ಪಕ್ಕದ ಮಂಚದ ಅಜ್ಜಿ ತಲೆ ತಿರುಗಿಸದೆ, “ಇದೇನಪ್ಪಾ, ಅಷ್ಟೋತ್ರ ಹೇಳ್ದಂಗೆ ಹೇಳ್ತೀಯ?” ಎಂದಳು.

“ಹೊಟ್ಟೆಯಿಂದ ಬರ್ಬೇಕು ಕಣಪ್ಪ, ಗಂಟ್ಲಿಂದಲ್ಲ” ಎಂದಳು ಕಿಟಕಿಯ ಹತ್ತಿರದವಳು. “ನಿನ್ ಹೆಂಡ್ರನ್ನ ನೆನೆಸ್ಕಂಡು ಬೈ.”

“ಅಯ್ಯೋ, ಅದ್ಕೆ ಧೈರ್ಯ ಬೇಕಲ್ಲವ್ವ” ಎಂದಳು ಅಜ್ಜಿ.

“‘ನಿನ್ ಮನೆ ಹಾಳಾಗ’ ಅನ್ನು. ಅದು ನಾಲ್ಗೆಗೆ ಸಲೀಸು” ಎಂದು ಮೂರನೆಯವಳು ಸಲಹೆ ಕೊಟ್ಟಳು.

ಹೀಗೆ ಆ ಮಧ್ಯಾಹ್ನ ಐದಾರು ಒಂಟಿಗಣ್ಣಿನ ಪಂಡಿತೆಯರು ಸೇರಿ ನನಗೆ ಪಾಠ ಮಾಡಿದರು. ನರ್ಸಮ್ಮ ಓಡಿಬಂದು, “ಯಾರೂ ನಗಬಾರದು, ಹೊಲಿಗೆ ಇದೆ!” ಎಂದು ಕೂಗಿ, ಪಾಠ ಕೇಳಿಸಿಕೊಂಡು ತಾನೇ ಹೊರಗೆ ಹೋಗಿ ನಕ್ಕು ಬಂದಳು. ಅಕ್ಕ ಮಾತ್ರ ನಗಲಿಲ್ಲ. “ನಾಳೆ ಮಧ್ಯಾಹ್ನ ಈ ಆಸ್ಪತ್ರೆ ಮುಂದಿನ ಬೂತಿಗೆ ಫೋನ್ ಮಾಡು, ಇವ್ನು ಅಲ್ಲೇ ಇರ್ತಾನೆ. ತಿಂತು ಅಂತ ಸುದ್ದಿ ಬರ್ಬೇಕು. ಬರ್ಲಿಲ್ವೋ, ಸಂಜೆ ಬಸ್ಗೆ ನಾನಿರ್ತೀನಿ” ಎಂದಳು. ಅವಳು ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಮರುದಿನ ಮುದ್ದೆ ಮುರಿದು ಹಾಲಿಗೆ ಹಾಕಿ ನಾಯಿಯ ಮುಂದಿಟ್ಟೆ. ಬೀದಿಗೆ ಕೇಳಿಸೀತೆಂದು ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ, “ಮೂದೇವಿ, ನಿನ್ನ ಮನೆ ಹಾಳಾಗಲಿ, ತಿನ್ನು” ಎಂದೆ. ನಾಯಿಯ ಒಂದು ಕಿವಿ ನಿಮಿರಿತು. ವಿಷಯ ಸರಿಯಿದೆ, ಭಾಷೆ ಸರಿಯಿಲ್ಲ ಎಂಬಂತೆ ಮತ್ತೆ ಮಲಗಿತು. ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಒಳಗಿನಿಂದ ಹೆಂಡತಿ, “ಏನ್ರೀ ಅದು, ಸಂಕಲ್ಪ ಹೇಳ್ತಿದ್ದೀರಾ?” ಎಂದಳು.

ಐದು ದಿನದ ನಿದ್ದೆಗೇಡು, ಅರ್ಧಕ್ಕೆ ನಿಂತ ವಿಭಾಗಪತ್ರ, ಸಂಜೆಯ ಬಸ್ಸು ಎಲ್ಲ ಒಟ್ಟಿಗೆ ನೆತ್ತಿಗೇರಿತು. ಬಾಯಿ ತೆರೆದೆ. ಬಂದದ್ದು ವಾರ್ಡಿನಲ್ಲಿ ಕಲಿತದ್ದಲ್ಲ. ಹುಟ್ಟೂರು ಹಳೇಬೀಡು ಬಿಟ್ಟ ಮೇಲೆ ಮೂವತ್ತು ವರ್ಷ ನಾಲಿಗೆಗೆ ಬಾರದಿದ್ದ ಮಾತು. “ಏನ್ ಮೂತಿ ನೋಡ್ತೀಯಾ ಹಾಳಾದ್ದೇ! ನಿನ್ ಹೊಟ್ಟೆಗೇನ್ ಬಂದೈತೆ? ನಿನ್ ಮನೆ ಎಕ್ಕುಟ್ಟೋಗ, ತಿಂತೀಯೋ ಕಾಗೆಗಾಕ್ಲೋ, ಬಾ ಇಲ್ಲಿ ಮುಂಡೇದೇ!”

ಅದು ನಮ್ಮ ಅವ್ವನ ದನಿ. ನಾನೂ ಅಕ್ಕನೂ ಹುಣಸೇ ಮರದಿಂದ ಇಳಿಯದೆ ಕೂತಾಗ ಅವಳು ಊಟಕ್ಕೆ ಕರೆಯುತ್ತಿದ್ದದ್ದು ಹೀಗೆಯೇ, ಇದೇ ಕಾಗೆಯ ಹೆಸರು ಹೇಳಿ. ನಾವು ಓಡಿಹೋಗಿ ತಟ್ಟೆಯ ಮುಂದೆ ಕೂರುತ್ತಿದ್ದೆವು. ಆ ವಾರದ ಮಟ್ಟಿಗೆ ನಾಯಿಯ ಮನೆಯೆಂದರೆ ನಮ್ಮ ಮನೆಯೇ, ಎಕ್ಕುಟ್ಟಿಹೋಗಲೆಂದು ನಾನು ಶಪಿಸಿದ್ದು ಅದನ್ನೇ, ಎಂಬುದು ಆಮೇಲೆ ಹೊಳೆಯಿತು.

ನಾಯಿ ಎದ್ದಿತು. ಅರ್ಧ ಬೋಳಾದ ಬಾಲವನ್ನು ಎರಡು ಸಲ ಆಡಿಸಿ, ತಟ್ಟೆಗೆ ಮೂತಿಯಿಟ್ಟು, ತಳ ಕಾಣುವವರೆಗೂ ತಲೆ ಎತ್ತಲಿಲ್ಲ. ಹೆಂಡತಿ ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು ಬಾಗಿಲು ತಟ್ಟಿದರು. ಅವಳ ಕಣ್ಣೀರು ನೋಡಿ ನನ್ನ ಕಡೆ ತಿರುಗಿ, “ಈ ವಯಸ್ಸಲ್ಲಿ ಇದೆಲ್ಲ ಬೇಕಾ ಸ್ವಾಮಿ? ಹೆಣ್ಣುಮಗಳು ಊಟ ಬಿಟ್ರೆ ಸಮಾಧಾನವಾಗಿ ಹೇಳ್ಬೇಕು” ಎಂದರು. ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅವರು ಪೂರ್ತಿ ನಂಬಿದರೆಂದು ಈಗಲೂ ಹೇಳಲಾರೆ.

ಬೂತಿಗೆ ಹೋಗಿ ಹಾಸನಕ್ಕೆ ಫೋನ್ ಮಾಡಿದೆ. ಅಳಿಯ ಸುದ್ದಿ ಕೇಳಿ, ವಾರ್ಡಿಗೆ ಓಡಿಹೋಗಿ ಬಂದು ಏದುಸಿರಿನಲ್ಲಿ, “ಮಾವ, ಏನಂತ ಬೈದ್ರಿ ಅಂತ ಕೇಳ್ತಾವ್ರೆ. ಹೇಳ್ದೆ ಇದ್ರೆ ನಂಬಕಿಲ್ವಂತೆ” ಎಂದ. ನನ್ನ ಹಿಂದೆ ನಾಲ್ಕು ಜನ ಸರದಿಯಲ್ಲಿದ್ದರು. ಅವರಲ್ಲಿ ಇಬ್ಬರು ನನ್ನ ಕಕ್ಷಿದಾರರು. ಸಾರಾಂಶ ಹೇಳಿ ನೋಡಿದೆ. “ಪೂರ್ತಿ ಬೇಕಂತೆ ಮಾವ.” ಕಣ್ಣು ಮುಚ್ಚಿಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಳಿಯ ಇನ್ನೊಮ್ಮೆ ಓಡಿಹೋಗಿ ಬಂದು, “ಸರಿ, ಮಲಿಕ್ಕತ್ತೀನಿ ಅಂದ್ರು” ಎಂದ.

ಸಂಜೆ ಗೂಡ್ಸ್ ಗಾಡಿ ಬಂದಾಗ ನಾಯಿ ಹಿತ್ತಲಿಗೆ ಹೋಗಿ ಅದನ್ನು ಕಳಿಸಿ ಬಂತು. ಹೆಂಡತಿಯೂ ಬೈಯುವುದನ್ನು ಕಲಿತಳು. ಕಾಗುಣಿತ ತಪ್ಪಿಲ್ಲದೆ, ಆದರೆ ಸಾಕಷ್ಟು ಜೋರಾಗಿ. ಎಂಟು ದಿನವಾದ ಮೇಲೆ ಅಕ್ಕನ ಪಟ್ಟಿ ಬಿಚ್ಚಿದರು. ಮುಂದಿನ ವರ್ಷ ಎಡಗಣ್ಣಿಗೂ ಆಪರೇಷನ್ ಆಯಿತು. ಆ ಸಲ ನಾಯಿ ನಮ್ಮ ಮನೆಯಲ್ಲಿ ಹತ್ತು ದಿನ ಇತ್ತು, ಹತ್ತು ದಿನವೂ ಎರಡು ಹೊತ್ತು ತಿಂದಿತು.