ಐದನೆಯ ಗೆರೆ

ಅಕ್ಕಾರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಿತ್ತಳೆ ಬಣ್ಣದ್ದಾಗಿರುತ್ತಿತ್ತು. ಮದರಂಗಿ ಎಂದುಕೊಂಡವರು ಅವರನ್ನು ಸರಿಯಾಗಿ ನೋಡಿರಲಿಲ್ಲ. ಅಂಗಡಿಗೆ ಬಂದ ಪ್ರತಿಯೊಂದು ಮಾರ್ಕರ್ ಪೆನ್ನಿನ ತುದಿಯನ್ನು ಆ ಉಗುರಿಗೆ ಒತ್ತಿ, ಮಸಿ ಇಳಿಯುವುದನ್ನು ಕಂಡ ಮೇಲೆಯೇ ಗಿರಾಕಿಗೆ ಕೊಡುವುದು ಅವರ ಕ್ರಮ. ಶಾಲೆಯ ಮಕ್ಕಳು ಚೆಂಡುಹೂವಿಗೂ ಪೇಟಕ್ಕೂ ಧ್ವಜಕ್ಕೂ ಕಿತ್ತಳೆಯನ್ನೇ ಹೆಚ್ಚಾಗಿ ಕೊಳ್ಳುತ್ತಿದ್ದುದರಿಂದ ಉಗುರಿಗೆ ಆ ಬಣ್ಣವೇ ನೆಲೆನಿಂತಿತ್ತು.

ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಪುಸ್ತಕ, ಬಣ್ಣ, ಕಾಗದಗಳ ಸಣ್ಣ ಅಂಗಡಿ. ತವರು ದಿಗ್ಗೇವಾಡಿ, ಜೈನರ ಮನೆತನ. ಊರಿಗೆಲ್ಲ ಅವರು ಅಕ್ಕಾರು. ಯಾವ ಗಿರಾಕಿ ಬಂದಿರಲಿ, ಹೊತ್ತು ಮುಳುಗುವ ಮೊದಲು ಊಟಕ್ಕೆ ಎದ್ದುಬಿಡುತ್ತಿದ್ದರು. ಮಾರ್ಕರಿನ ಮೇಲೆ ಅಲ್ಕೋಹಾಲ್ ಬೆರೆತ ಮಸಿ ಎಂದಿದ್ದುದನ್ನು ಓದಿದ ಒಬ್ಬಾತ, "ಅಕ್ಕಾರ, ಜೈನರ ಅಂಗಡ್ಯಾಗ ಅಲ್ಕೋಹಾಲ್ ಮಾರಾಕತ್ತೀರಲ್ಲ!" ಎಂದು ಕೆಣಕಿದಾಗ, "ಕುಡ್ಯಾವರಿಗೆ ಕೊಡಂಗಿಲ್ಲಪಾ, ಚಿತ್ರ ಬರ್ಯಾವರಿಗಷ್ಟ. ನೀ ಯಾರ ಪೈಕಿ?" ಎಂದು ಅವನ ಬಾಯಿ ಮುಚ್ಚಿಸಿದ್ದರು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು. ನನ್ನ ಬೀಳ್ಕೊಡುಗೆಯ ದಿನ ಭಾಷಣಕಾರರೊಬ್ಬರು ನನ್ನನ್ನು "ಕ್ರಾಫ್ಟ್ ಮಾಸ್ತರ" ಎಂದು ಕರೆದದ್ದು, ಆಗ ಯಾರಾರು ನಕ್ಕರೆಂಬುದು, ಎಲ್ಲವೂ ನನಗೆ ನೆನಪಿದೆ. ನಿವೃತ್ತಿಯ ನಂತರ ಜಲವರ್ಣ ಬಿಟ್ಟು ಈ ಹೊಸ ಮಾರ್ಕರುಗಳನ್ನು ಹಿಡಿದೆ. ಕೈಗೆತ್ತಿಕೊಂಡರೆ ಸುಲಿಯಬೇಕೆನಿಸುವಂಥ ಒಂದು ಕಿತ್ತಳೆ ಹಣ್ಣನ್ನು ಬರೆಯಬೇಕೆಂಬುದು ನನ್ನ ಹಟವಾಗಿತ್ತು. ಹಣ್ಣು ಮಾತ್ರ ಪ್ರತಿ ಸಲವೂ ಚಪ್ಪಟೆಯಾಗಿಯೇ ಉಳಿಯುತ್ತಿತ್ತು. ಕೊನೆಗೆ ಎಲ್ಲಕ್ಕಿಂತ ತಿಳಿಯಾದ ಹಳದಿ ಪೆನ್ನಿನಿಂದ ಒಂದು ಹಾಳೆಯ ತುಂಬ ಗೀಚಿ ನೋಡಿದೆ, ಏನೂ ಕಾಣಲಿಲ್ಲ. ದೋಷ ಸಿಕ್ಕಿತೆಂದುಕೊಂಡು, ಆ ಪೆನ್ನನ್ನು ಹಿಡಿದು ಅಂಗಡಿಗೆ ಹೋದೆ.

"ಅಕ್ಕಾರ, ಈ ಪೆನ್ ಒಣಗೇತಿ. ಗೆರಿನ ಮೂಡವಲ್ದು."

ಅವರು ಅದನ್ನು ಉಗುರಿಗೆ ಒತ್ತಿ ನೋಡಿದರು. ಬಳಿಕ ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬೇರೆಬೇರೆ ಪೆನ್ನುಗಳಿಂದ, ಕೊನೆಗೆ ನನ್ನದರಿಂದಲೂ, ಸಾಲಾಗಿ ಗೆರೆ ಎಳೆದು ನನ್ನ ಮುಂದೆ ಹಿಡಿದರು.

"ಎಣಸ್ರಿ ಮಾಸ್ತರ್ರ, ಎಷ್ಟು ಗೆರಿ ಅದಾವು?"

"ನಾಲ್ಕು."

"ಇನ್ನೊಮ್ಮೆ ನೋಡ್ರಿ."

"ನಾಲ್ಕಂತ ಹೇಳಿದ್ನೆಲ್ಲ!"

ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಇಣುಕಿ, "ಐದು ಅದಾವಲ್ರಿ" ಎಂದು ನಕ್ಕಳು.

ಅಕ್ಕಾರು ನಗಲಿಲ್ಲ. "ಪೆನ್ನಿಗೆ ಏನೂ ಆಗಿಲ್ರಿ. ನಿಮ್ಮ ಕಣ್ಣಿಗೆ ಪೊರಿ ಬಂದಿರಬೇಕು. ಮೊದಲ ಡಾಕ್ಟರಿಗೆ ತೋರಸ್ರಿ" ಎಂದರು.

ಚಿತ್ರ ಬರೆಯುವವನ ಕಣ್ಣಿನ ಬಗ್ಗೆ, ಅದೂ ಗಿರಾಕಿಗಳ ಎದುರಿಗೆ, ಹೀಗೆ! ಅಂದಿನಿಂದ ನಾನು ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಬಣ್ಣ ತರತೊಡಗಿದೆ. ಅಷ್ಟಕ್ಕೆ ಸುಮ್ಮನಾಗದೆ, ಕೇಳಿದವರಿಗೂ ಕೇಳದವರಿಗೂ "ಆ ಅಂಗಡ್ಯಾಗ ಒಣಗಿದ ಪೆನ್ ಮಾರ್ತಾರ" ಎಂದು ಹೇಳಿದೆ. ಇಬ್ಬರು ಶಿಕ್ಷಕರು ನನ್ನ ಮಾತು ನಂಬಿ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುವುದನ್ನೇ ಬಿಟ್ಟರು.

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಪರಿಚಿತರ ಮನೆಗಳಿಗೆ ಹೋಗಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಆ ವರ್ಷ ಅಕ್ಕಾರು ನಮ್ಮ ಮನೆಗೂ ಬಂದರು.

"ಉತ್ತಮ ಕ್ಷಮಾ, ಮಾಸ್ತರ್ರ. ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊರಿ."

"ಯಾವ ತಪ್ಪು ಅಂತ ಬಿಡಿಸಿ ಹೇಳ್ರಿ" ಎಂದೆ.

ಅವರು ಜೋಡಿಸಿದ ಕೈ ಇಳಿಸದೆಯೇ ಬಿಡಿಸಿ ಹೇಳಿದರು. "ಮಂದಿ ಮುಂದ ಹೇಳಿದ್ದು ತಪ್ಪರಿ. ಹೇಳಿದ ಮಾತು ತಪ್ಪಲ್ಲ. ಪೊರಿ ಇನ್ನೂ ಹಂಗ ಐತಲ್ಲ?"

ಒಳಗಿನಿಂದ ನನ್ನ ಹೆಂಡತಿ, "ಹೇಳ್ರಿ ಅಕ್ಕಾರ, ಚಲೋತ್ನ್ಯಾಗ ಹೇಳ್ರಿ. ನಾ ಹೇಳಿದ್ರ ನನಗ ಕಣ್ಣು ಕಿಸೀತಾರ" ಎಂದಳು.

ಅಷ್ಟು ಅಳೆದು ತೂಗಿ ಕೇಳಿದ ಕ್ಷಮೆ ನನಗೆ ಮತ್ತೆಲ್ಲೂ ದೊರೆತಿಲ್ಲ. ಊರಲ್ಲಿ ನಾನು ಹಬ್ಬಿಸಿದ್ದ ಮಾತನ್ನು ಒಪ್ಪಿಕೊಳ್ಳಲು ಅದೇ ತಕ್ಕ ಗಳಿಗೆಯಾಗಿತ್ತು. ನಾನು "ಆತು, ಆತು" ಎಂದಷ್ಟೇ ಹೇಳಿ ಕಳಿಸಿಕೊಟ್ಟೆ.

ಕೊನೆಗೆ ತೋರಿಸಿದಾಗ ಡಾಕ್ಟರೂ ಪೊರೆಯೆಂದೇ ಹೇಳಿದರು; ಮಿರಜಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ಆ ತಿಳಿ ಪೆನ್ನನ್ನು ಪರೀಕ್ಷಿಸಿದ್ದ ಕಾಗದವನ್ನು ಕಡತದಿಂದ ತೆಗೆದೆ. ಖಾಲಿಯೆಂದು ನಾನು ತಿಳಿದಿದ್ದ ಆ ಹಾಳೆಯ ತುಂಬ ಹಳದಿ ಗೆರೆಗಳಿದ್ದವು. ಸಿಟ್ಟಿನಿಂದ ಗೀಚಿದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಮೂಡಿತ್ತು.

ಮರುದಿನವೇ ಅಂಗಡಿಗೆ ಹೋದೆ. ಅವರು ಹಳೆಯದನ್ನು ಎತ್ತಲಿಲ್ಲ; ಸ್ಟೂಲು ಸರಿಸಿ ಕೂರಿಸಿ, ಲಗ್ನಪತ್ರಿಕೆಯ ನುಣುಪಾದ ಬೆನ್ನಿನ ಮೇಲೆ ಕಿತ್ತಳೆ ಬರೆಯಿಸಿದರು. "ತಿಳಿ ಬಣ್ಣ ಮೊದಲ. ಅದು ಹಸಿ ಇರೂದ್ರಾಗ ನಡುವಿನ ಬಣ್ಣ, ನೆರಳಿನ ಕಡೆ ಕಡು ಬಣ್ಣ. ಕಡೀಕ ಮತ್ತ ತಿಳಿ ಪೆನ್ನಿಂದ ಅಂಚು ಸವರ್ರಿ, ಎಲ್ಲಾ ಬಣ್ಣ ಒಂದರೊಳಗೊಂದು ಕರಗ್ತಾವು. ಕರೀದು ಮುಟ್ಟಬ್ಯಾಡ್ರಿ, ಹಣ್ಣು ಕೊಳೀತೈತಿ." ಹೊಳಪಿಗೆಂದು ಒಂದು ಜೋಳದ ಕಾಳಿನಷ್ಟು ಬಿಳಿ ಉಳಿಸಿದೆವು. ಬಣ್ಣ ಕರಗಿಸಲೆಂದೇ ಇರುವ, ತನಗೆ ಬಣ್ಣವಿಲ್ಲದ ಪೆನ್ನಿನಿಂದ ಅಲ್ಲಲ್ಲಿ ಚುಕ್ಕೆಯಿಟ್ಟಾಗ ಮಸಿ ಹಿಂದೆ ಸರಿದು, ಸಿಪ್ಪೆಯ ಸಣ್ಣ ಸಣ್ಣ ಗುಳಿಗಳು ಎದ್ದವು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಂದು ದಿನ ಅವರು ನನ್ನ ಚಿತ್ರವನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿ, "ಈಗ ಇದನ್ನ ಸುಲೀಬಹುದ್ರಿ" ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದಾಗ ಆ ಇಬ್ಬರು ಶಿಕ್ಷಕರಲ್ಲಿ ಒಬ್ಬರು ನನ್ನ ಪಕ್ಕದಲ್ಲೇ ನಿಂತಿದ್ದರು. "ಭಾಳ ಚಲೋ ಮನಶ್ಯಾರು. ಆದ್ರ ಪೆನ್ ಮಾತ್ರ ಒಣಗಿದ್ದು ಮಾರ್ತಿದ್ರಂತ" ಎಂದು ಮತ್ತೊಬ್ಬರಿಗೆ ಮೆಲ್ಲಗೆ ಹೇಳಿದರು. ಅಕ್ಕಾರ ಪಾದದ ಬುಡದಲ್ಲಿ ನಿಂತು ನಾನು ಆ ಮಾತನ್ನು ಕೇಳಿದೆ. ಅಲ್ಲಿಯೂ ನನ್ನ ಬಾಯಿ ತೆರೆಯಲಿಲ್ಲ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಮಾತನ್ನು ಕೇಳಿದವರು, ಕೇಳಿ ಇನ್ನೊಬ್ಬರಿಗೆ ದಾಟಿಸಿದವರು ದಯವಿಟ್ಟು ತಿದ್ದಿಕೊಳ್ಳಬೇಕು: ಅಕ್ಕಾರ ಅಂಗಡಿಯಿಂದ ಒಣಗಿದ ಪೆನ್ನು ಒಂದೂ ಹೊರಗೆ ಹೋಗಲಿಲ್ಲ. ಹೋಗಿತ್ತೆಂದು ಹೇಳಿದವನು ನಾನು.